ಚಿಕ್ಕ ಡಿಸ್ಕಿನಲ್ಲಿ ಜಾಗವಿರಲಿಲ್ಲ

ನಮ್ಮೂರಲ್ಲಿ ಸತ್ತವರು ವರ್ಷಾಂತಿಕದ ತನಕ ಮಾತಾಡುತ್ತಾರೆ. ಹೊರಗಿನವರು ಇದನ್ನು ಕೇಳಿ ಕಣ್ಣು ಬಾಯಿ ಬಿಡುತ್ತಾರೆ. ಅಯ್ಯೋ, ಬಾಯಿ ಬಿಡುವಂಥದ್ದೇನೂ ಇಲ್ಲ ಇದರಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಪೆಟ್ಟಿಗೆಯಿಂದ ದನಿ ಬರುತ್ತದೆ, ನಾಲ್ಕು ಮಾತಾಡುತ್ತಾರೆ, ಸುಮ್ಮನಾಗುತ್ತಾರೆ. ನಾವು ಹೇಳುವುದು ಅವರಿಗೆ ಕೇಳಿಸುವುದಿಲ್ಲ. ಅವರು ಹೇಳುವುದೂ ಬದುಕಿದ್ದಾಗ ಹೇಳುತ್ತಿದ್ದದ್ದೇ. ಪಕ್ಕದ ಮನೆಯ ಗುಂಡಾಚಾರ್ರು ಇಡೀ ವರ್ಷವನ್ನು ಕಳೆದುಹೋದ ಒಂದು ಕೊಡೆಯ ಮೇಲೆ ಕಳೆದರು. ಯಾರು ಒಯ್ದರು, ಯಾಕೆ ಒಯ್ದರು, ಅದರ ಹಿಡಿ ಎಷ್ಟು ಚೆನ್ನಾಗಿತ್ತು. ಅವರ ಸೊಸೆ ಕೊನೆಕೊನೆಗೆ ಕಿವಿಗೆ ಹತ್ತಿ ತುರುಕಿಕೊಂಡೇ ದೀಪ ಹಚ್ಚುತ್ತಿದ್ದಳು.

ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇದೆ. ಅದರೊಳಗೆ ಎರಡು ಡಿಸ್ಕು. ದೊಡ್ಡದರಲ್ಲಿ ಆ ಮನೆಯಲ್ಲಿ ಸತ್ತವರ ಮಾತೆಲ್ಲ ಇರುತ್ತದೆ, ಮುತ್ತಜ್ಜನಿಂದ ಹಿಡಿದು ಮೊನ್ನೆ ಹೋದವರ ತನಕ. ಚಿಕ್ಕದು ಪೆಟ್ಟಿಗೆ ತಾನು ಎದ್ದು ಕೆಲಸ ಶುರುಮಾಡುವುದಕ್ಕೆ. ಸಂಜೆ ಬಂದ ಮಾತು ತಾನಾಗಿಯೇ ದೊಡ್ಡದರಲ್ಲಿ ಕೂರುತ್ತದೆ. ವರ್ಷ ತುಂಬುವ ತನಕ ಅದನ್ನು ಮತ್ತೆ ಬಿಚ್ಚಿ ಕೇಳುವಂತಿಲ್ಲ, ಮಾತಾಡುತ್ತಿರುವವರ ನಡುವೆ ಬಾಯಿ ಹಾಕಿದಂತಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಸಾವಾದರೆ ಮೊದಲು ಮಾಡುವ ಕೆಲಸವೂ ಪೆಟ್ಟಿಗೆಯದೇ. ದೊಡ್ಡ ಡಿಸ್ಕನ್ನು ಬಿಚ್ಚಿ, ಮಡಿಬಟ್ಟೆಯಲ್ಲಿ ಸುತ್ತಿ, ಸೂತಕ ಕಳೆಯುವ ತನಕ ಪಕ್ಕದವರ ಮನೆಯಲ್ಲಿ ಇಡುತ್ತೇವೆ. ಅಜ್ಜ ಅಜ್ಜಿಯರೆಲ್ಲ ಅದರಲ್ಲಿರುವಾಗ ಮೈಲಿಗೆ ತಾಗಬಾರದಲ್ಲ. ಸ್ಪೀಕರಿನ ವಯರನ್ನೂ ಕೀಳುತ್ತೇವೆ. ಪೆಟ್ಟಿಗೆಯನ್ನು ಮಾತ್ರ ಆರಿಸುವುದಿಲ್ಲ, ಅದು ಅಪಶಕುನ. ಹೇಗೂ ಸೂತಕದಲ್ಲಿ ಸತ್ತವರು ಮಾತಾಡುವುದಿಲ್ಲ. ಆಗ ಅವರಿನ್ನೂ ದಾರಿಯಲ್ಲಿರುತ್ತಾರೆ ಅನ್ನುವುದು ನಮ್ಮೂರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ನನ್ನ ಅಕ್ಕ ಪಂಕಜಾಕ್ಷಿ ಹೋದಾಗಲೂ ಹೀಗೇ ಮಾಡಿದೆವು. ನನ್ನ ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನನ್ನು ಗಾಡಿಯ ಮೇಲೆ ಹೇರಿಕೊಂಡು ಅವಳ ಮನೆಗೆ ಬಂದವಳು ನಾನು. ಅವಳು ಅಡುಗೆ, ನಾನು ರವಿಕೆ. ದಿನಕ್ಕೆ ಎರಡು ಜಗಳ, ಮೂರು ಸಲ ಕಾಫಿ. ಅವಳಿಗೆ ಒಬ್ಬಳೇ ಮಗಳು ಮೃದುಲಾ, ಊರಿನ ಹೆಂಗಸರಿಗೆ ಸ್ಕೂಟರ್ ಕಲಿಸುವ ಶಾಲೆ ಇಟ್ಟಿದ್ದಾಳೆ. ಹೆಸರೇನೋ ಮೃದುಲಾ, ಹಿಡಿದ ಹಟ ಬಿಡುವವಳಲ್ಲ. ಅಕ್ಕನ ಎದೆಯಲ್ಲಿ ಏನೋ ಕವಾಟ ಸರಿಯಿಲ್ಲ ಎಂದು ಡಾಕ್ಟರು ಹೇಳಿದಾಗ ಅಕ್ಕ, "ಬೇಡ ಕಣೇ, ಎಷ್ಟು ದಿನ ಇದೆಯೋ ಅಷ್ಟು ದಿನ ನನ್ ಅಡುಗೆಮನೇಲೇ ಇರ್ತೀನಿ," ಅಂದಳು. ಮೃದುಲಾ ಬಿಡಲಿಲ್ಲ. ಬೇಡಿದಳು, ಗದರಿದಳು, ಊಟ ಬಿಟ್ಟಳು. ಕೊನೆಗೆ, "ನಂಗೋಸ್ಕರ ಅಮ್ಮಾ," ಎಂದು ಅತ್ತಾಗ ಅಕ್ಕ ಹೂಂ ಅಂದಳು. ಆಪರೇಷನ್ನಿಗೆ ಒಳಗೆ ಹೋದವಳು ಮತ್ತೆ ಕಣ್ಣು ಬಿಡಲಿಲ್ಲ. ಯಾರ ತಪ್ಪೂ ಅಲ್ಲ, ಆ ಎದೆಗೆ ಅಷ್ಟೇ ತ್ರಾಣವಿತ್ತು ಎಂದು ಡಾಕ್ಟರು ಹೇಳಿದರು.

ಸೂತಕ ಕಳೆದು ಡಿಸ್ಕು ಮರಳಿ ಹಾಕಿದ ಸಂಜೆಯಿಂದ ಅಕ್ಕ ಮಾತಾಡತೊಡಗಿದಳು. ಹುಣಸೆಹಣ್ಣಿಗೆ ಉಪ್ಪು ಹಾಕಿಡು, ಗ್ಯಾಸು ಆರಿಸಿದೆಯಾ, ಕುಮ್ಮಿ, ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ. ಕುಮ್ಮಿ ಅಂದರೆ ನಾನು, ಕುಮುದಾ. ಹಾಲಿನವನ ಹೆಸರೆತ್ತಿದಳು, ಬೀದಿ ನಾಯಿಯ ಹೆಸರೆತ್ತಿದಳು, ಗುಂಡಾಚಾರ್ರ ಕೊಡೆಯನ್ನೂ ಬಿಡಲಿಲ್ಲ. ಮೃದುಲಾಳ ಹೆಸರು ಮಾತ್ರ ಬರಲಿಲ್ಲ. ಆಪರೇಷನ್ ಅನ್ನುವ ಮಾತೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮರೆತಿರಬೇಕು ಅನ್ನಬಹುದಿತ್ತು. ಆದರೆ ಅಕ್ಕನ ಸಿಟ್ಟು ಹೇಗೆ ಅಂತ ನಮಗೆ ಗೊತ್ತಿತ್ತಲ್ಲ. ಅವಳು ಬೈಯುವವಳಲ್ಲ, ಹೆಸರೆತ್ತುವುದನ್ನೇ ಬಿಟ್ಟುಬಿಡುತ್ತಿದ್ದಳು. ನಮ್ಮ ಅಣ್ಣನ ಜೊತೆ ಒಮ್ಮೆ ಮಾತು ಬಿಟ್ಟಾಗ ಮಾವಿನಕಾಯಿಯ ಕಾಲ ಶುರುವಾಗಿ ಮುಗಿಯುವ ತನಕ ಅವನು ಅವಳ ಬಾಯಲ್ಲಿ 'ಆ ಮನೆಯವರು' ಆಗಿಹೋಗಿದ್ದ.

ಮೃದುಲಾ ವರ್ಷವಿಡೀ ಒಂದು ಸಂಜೆಯೂ ತಪ್ಪಿಸಲಿಲ್ಲ. ಸ್ಕೂಟರು ನಿಲ್ಲಿಸಿ, ಕಾಲು ತೊಳೆದು, ಪೆಟ್ಟಿಗೆಯ ಮುಂದೆ ಚಾಪೆ ಹಾಕಿಕೊಂಡು ಕೂರುವಳು. ಮಾತು ಮುಗಿದ ಮೇಲೆ, "ಇವತ್ತೂ ಇಲ್ಲ ಚಿಕ್ಕೀ," ಎಂದು ಎದ್ದು ಹೋಗುವಳು. ನಾನು, "ನಾಳೆ ಬರುತ್ತೆ ಬಿಡೇ," ಅನ್ನುತ್ತಿದ್ದೆ. ಆಮೇಲಾಮೇಲೆ ಅದನ್ನು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ. ಹುಡುಗಿ ಸೊರಗಿ ಅರ್ಧ ಆಗಿದ್ದಳು. ಬದುಕಿದ್ದಾಗ ಅಷ್ಟು ಮುದ್ದು ಮಾಡಿದವಳಿಗೆ ಈಗ ಇದೆಂಥ ಹಟ ಎಂದು ಅಕ್ಕನ ಮೇಲೆ ನನಗೇ ರೇಗುತ್ತಿತ್ತು.

ವರ್ಷಾಂತಿಕದ ಹಿಂದಿನ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಪೆಟ್ಟಿಗೆಯಲ್ಲಿ ಕೆಂಪು ದೀಪ. ಕರೆಂಟು ಹೋಗಿ ಬಂದಿತ್ತು, ಬಂದ ಮೇಲೆ ಅದು ಎದ್ದೇ ಇಲ್ಲ. ಅಕ್ಕ ಮಾತಾಡುವುದು ಇನ್ನು ಅದೊಂದೇ ಸಂಜೆ. ಪೆಟ್ಟಿಗೆ ಮಲಗಿದ್ದಾಗ ಆಡಿದ ಮಾತು ಎಲ್ಲಿಗೋ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಮೃದುಲಾಗೆ ಫೋನು ಮಾಡಿದೆ. ಅವಳು ಪಾಠವನ್ನು ಅರ್ಧಕ್ಕೇ ಬಿಟ್ಟು, ಬರುವಾಗಲೇ ಉಗ್ರಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದಳು.

ಉಗ್ರಪ್ಪ ಊರಿನ ಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುವವನು. ಹೆಸರು ಉಗ್ರಪ್ಪ, ಯಾರ ಎದುರಿಗೂ ಗಟ್ಟಿಯಾಗಿ ಕೆಮ್ಮಿದವನೂ ಅಲ್ಲ. ಏನು ಕೆಟ್ಟರೂ "ಇದು ಸಾಮಾನ್ಯ ಅಮ್ಮಾ" ಅನ್ನುವುದು ಅವನ ಚಾಳಿ. ತನ್ನ ಚೀಲದಿಂದ ಪೆನ್‌ಡ್ರೈವಿನಂಥ ಕಡ್ಡಿಯೊಂದನ್ನು ತೆಗೆದು ಚುಚ್ಚಿ, ಪರದೆ ಜೋಡಿಸಿ, ಒಳಗೆ ಇಣುಕಿ ನೋಡಿದ.

"ಇದು ಸಾಮಾನ್ಯ ಅಮ್ಮಾ. ಚಿಕ್ಕ ಡಿಸ್ಕು ತುಂಬೋಗಿದೆ. ಸಾಸಿವೆ ಕಾಳು ಇಡೋಕೂ ಜಾಗ ಇಲ್ಲ. ಏಳ್ಬೇಕು ಅಂದ್ರೆ ಅದಕ್ಕೆ ಒಂಚೂರು ಜಾಗ ಬೇಕು, ಇಲ್ದಿದ್ರೆ ಏಳಲ್ಲ."

"ದೊಡ್ಡದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ ಅಂತ ಹೋದ ಸಲ ನೀನೇ ಹೇಳಿದ್ಯಲ್ಲೋ. ಅಲ್ಲಿಗೆ ಹೋಗೋಕೇನು ಧಾಡಿ?"

"ಅದೇ ಬೇರೆ, ಇದೇ ಬೇರೆ ಅಮ್ಮಾ. ಅಟ್ಟ ಖಾಲಿ ಇದೆ ಅಂತ ಒಲೆ ಮುಂದೆ ಜಾಗ ಆಗುತ್ತಾ?"

ಮೊದಲು ಅವನು ಪೆಟ್ಟಿಗೆಯ ದಿನಚರಿಗಳನ್ನು ತೆಗೆದ. ಪೆಟ್ಟಿಗೆ ತನ್ನ ಪಾಡಿಗೆ ತಾನು ಏನೇನೋ ಗೀಚಿಕೊಳ್ಳುತ್ತದಂತೆ, ಕರೆಂಟು ಹೋಯಿತು, ಬಂತು, ಮೈ ಬಿಸಿಯಾಯಿತು ಅಂತ. ಆಮೇಲೆ ಹಳೆಯ ಸಲಕರಣೆಗಳು, ಕಸದ ಬುಟ್ಟಿಯಲ್ಲಿ ಉಳಿದದ್ದು. ಒಂದಿಷ್ಟು ಜಾಗವಾಯಿತು. ಎಬ್ಬಿಸಿ ನೋಡಿದ. ಹಸಿರು ದೀಪ ಮಿಣುಕಿತು, ಮೃದುಲಾ ಕೈ ಮುಗಿದಳು, ಮತ್ತೆ ಕೆಂಪು. ಎದ್ದೇಳುವ ಅವಸರದಲ್ಲಿ ಅದೇನೋ ಬರೆದುಕೊಳ್ಳುತ್ತದೆ, ಅಷ್ಟಕ್ಕೇ ಜಾಗ ಮುಗಿದುಹೋಗುತ್ತದೆ. ಮೂರ್ನಾಲ್ಕು ಸಲ ಹೀಗೇ ಆಯಿತು. ಮಧ್ಯಾಹ್ನವಾಯಿತು. ನಾನು ಮಜ್ಜಿಗೆ ತಂದಿಟ್ಟೆ, ಅವನು ಕುಡಿಯಲೇ ಇಲ್ಲ. ಮೊದಲ ಬಾರಿಗೆ ಅವನ ಬಾಯಿಂದ "ಇದು ಸಾಮಾನ್ಯ ಅಲ್ಲ" ಅನ್ನುವ ಮಾತು ಕೇಳಿದೆ.

"ಇಲ್ಲಿ ಕಾಣೋದನ್ನೆಲ್ಲಾ ಕೂಡಿದ್ರೆ ಡಿಸ್ಕಿನ ಕಾಲು ಭಾಗಾನೂ ಆಗಲ್ಲ ಅಮ್ಮಾ. ಆದ್ರೆ ಡಿಸ್ಕು ಭರ್ತಿ ಅಂತಿದೆ. ಮಿಕ್ಕಿದ್ದು ಎಲ್ಲಿ ಅಡಗಿದೆಯೋ ಗೊತ್ತಾಗ್ತಿಲ್ಲ."

ಸುಮಾರು ಹೊತ್ತು ತಲೆ ಕೆರೆದುಕೊಂಡು ಕೂತಿದ್ದು, ಏನನ್ನಿಸಿತೋ, ದೊಡ್ಡ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ನೋಡಿದ. ಅಲ್ಲಿತ್ತು. ದೊಡ್ಡ ಡಿಸ್ಕಿನಲ್ಲಿ ಅಕ್ಕನ ಮಾತು ಕೂರುವ ಜಾಗಕ್ಕೆ 'ಪಂಕಜಾಕ್ಷಿ' ಎಂದು ಹೆಸರಿತ್ತು. ಈಗ ನೋಡಿದರೆ ಅದರ ಅಡಿಯಲ್ಲಿ, ಚಿಕ್ಕ ಡಿಸ್ಕಿನಲ್ಲೂ ಒಂದು 'ಪಂಕಜಾಕ್ಷಿ'. ಟ್ರಂಕಿನೊಳಗೆ ತಟ್ಟೆ ಇಟ್ಟರೆ ಕೆಳಗಿನ ಸೀರೆ ಕಾಣದ ಹಾಗೆ, ದೊಡ್ಡದು ಮೇಲೆ ಕೂತಿದ್ದರಿಂದ ಇದು ಮುಚ್ಚಿಹೋಗಿತ್ತು. ಡಿಸ್ಕಿನ ಮುಕ್ಕಾಲು ಪಾಲು ಇದೇ. ಉಳಿದದ್ದನ್ನು ವರ್ಷದುದ್ದಕ್ಕೂ ದಿನಚರಿ ಸ್ವಲ್ಪ ಸ್ವಲ್ಪವಾಗಿ ತುಂಬಿಬಿಟ್ಟಿತ್ತು.

"ಸಿಕ್ತು ಕಳ್ಳ!" ಎಂದು ಉಗ್ರಪ್ಪ ತೊಡೆ ತಟ್ಟಿದ. "ನಕಲು ಅಮ್ಮಾ ಇದು. ಸಾವಾದ ಮನೆಗಳಲ್ಲಿ ಚಿಕ್ಕ ಡಿಸ್ಕು ಯಾಕೆ ತುಂಬುತ್ತೆ ಅಂತ ನಂಗೆ ಇಷ್ಟು ದಿನ ಗೊತ್ತೇ ಆಗಿರ್ಲಿಲ್ಲ. ನಾನು ಪೂರ್ತಿ ತೊಳೆದು ಹೊಸದಾಗಿ ಹಾಕಿ ಕೊಟ್ಬಿಡ್ತಿದ್ದೆ. ಅದಕ್ಕೆ ಎರಡು ದಿನ ಹಿಡಿಯುತ್ತೆ."

ಮೃದುಲಾ ಪರದೆಯ ಹತ್ತಿರಕ್ಕೆ ಬಗ್ಗಿದಳು. "ತಾರೀಖು ನೋಡಿ ಉಗ್ರಪ್ಪನವರೇ. ಇವೆಲ್ಲ ಸೂತಕದ ದಿನಗಳದ್ದು."

"ಅದೇ ಹೇಳ್ತಿರೋದು. ಸೂತಕದಲ್ಲಿ ಯಾರು ಮಾತಾಡ್ತಾರೆ? ದೊಡ್ಡ ಡಿಸ್ಕು ಕಿತ್ತಾಗ ಪೆಟ್ಟಿಗೆಗೆ ತಲೆ ಕೆಟ್ಟು, ತಾರೀಖು ತಪ್ಪಿ, ಇರೋದನ್ನೇ ಮತ್ತೆ ಮತ್ತೆ ನಕಲು ಹೊಡ್ಕೊಂಡಿರುತ್ತೆ."

"ಒಂದೇ ಒಂದು ಬಿಚ್ಚಿ ಕೇಳೋಣ್ವಾ?"

ನಾನು ಕುಳಿತಲ್ಲಿಂದಲೇ ಗದರಿದೆ. "ವರ್ಷ ತುಂಬೋಕೆ ಒಂದು ದಿನ ಇದೆ, ಈಗ ಬಿಚ್ತಾಳಂತೆ. ಅಸಲು ದೊಡ್ಡದರಲ್ಲಿ ಇದೆ. ನಾಳೆ ತರ್ಪಣ ಆದ್ಮೇಲೆ ಎಷ್ಟು ಬೇಕೋ ಅಷ್ಟು ಕೇಳ್ಕೋ."

ಉಗ್ರಪ್ಪನಿಗೆ ಯಾಕೋ ಅಳುಕು ಇತ್ತು. ಮೊದಲು ಇನ್ನೊಂದು ಕಡೆ ಇಳಿಸಿಕೊಂಡು ಆಮೇಲೆ ಅಳಿಸೋಣ ಅಂದ. ನಮ್ಮ ಪೆಟ್ಟಿಗೆ ಹಳೆಯದು, ಇಳಿಸುವುದಕ್ಕೇ ಬೆಳಗಾಗುತ್ತದೆ ಎಂದೂ ಅವನೇ ಹೇಳಿದ. ಹೊರಗೆ ಆಗಲೇ ಬಿಸಿಲು ಗೋಡೆ ಹತ್ತಿತ್ತು. ಮೃದುಲಾ, "ಬೇಡ. ಸಂಜೆ ಹೋದ್ರೆ ಹೋಯ್ತು, ನಂಗೆ ಇನ್ನೊಂದು ಸಂಜೆ ಇಲ್ಲ. ತೆಗೆದುಬಿಡಿ," ಅಂದಳು. ಅವನು ಇನ್ನೂ ಅನುಮಾನಿಸುತ್ತ, "ಅರ್ಧ ಮಾತ್ರ ತೆಗೆದು ನೋಡ್ಲಾ?" ಎಂದು ನನ್ನ ಮುಖ ನೋಡಿದ. ನಾನು ದೊಡ್ಡ ಬುದ್ಧಿವಂತೆ, "ನಕಲಿನಲ್ಲಿ ಅರ್ಧ ಏನು, ಪೂರ್ತಿ ಏನು? ಗುಡಿಸೋದಾದ್ರೆ ನೆಟ್ಟಗೆ ಗುಡಿಸು," ಅಂದೆ. ಈ ನಾಲಿಗೆಯನ್ನು ಏನು ಮಾಡಬೇಕು ಹೇಳಿ.

ಅಳಿಸುವುದಕ್ಕೆ ಒಗ್ಗರಣೆ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ. ದೊಡ್ಡ ಡಿಸ್ಕನ್ನು ಮರಳಿ ಹಾಕಿದ. ಪೆಟ್ಟಿಗೆ ಒಂದೇ ಸಲಕ್ಕೆ ಎದ್ದಿತು. ಹಸಿರು ದೀಪ ಮಿಣುಕದೆ ನಿಂತಿತು. ಮೃದುಲಾ ನನ್ನನ್ನು ತಬ್ಬಿಕೊಂಡಳು, ವರ್ಷದಲ್ಲಿ ಮೊದಲ ಸಲ ಅವಳು ನಕ್ಕಿದ್ದು ಆಗಲೇ. ಉಗ್ರಪ್ಪ ಮಜ್ಜಿಗೆ ಕುಡಿದು, "ಸಾಮಾನ್ಯ ಅಮ್ಮಾ, ಸಾಮಾನ್ಯ," ಎನ್ನುತ್ತಾ ಹೊರಟ.

ದೀಪ ಹಚ್ಚಿದೆ. ಚಾಪೆಯ ಮೇಲೆ ಇಬ್ಬರೂ ಕೂತೆವು. ಅಕ್ಕ ಬಂದಳು.

"ಕುಮ್ಮೀ, ಮಂಡಿಗೆ ಎಣ್ಣೆ ಹಚ್ಕೊಂಡ್ಯಾ? ಹಚ್ಕೊಂಡಿರಲ್ಲ, ನಂಗೊತ್ತು. ನಾಳೆ ವಡೆಗೆ ಉದ್ದು ಜಾಸ್ತಿ ನೆನೆಸ್ಬೇಡ, ಎಣ್ಣೆ ಕುಡಿಯುತ್ತೆ. ಆಮೇಲೆ ಆ ಸ್ಟೀಲಿನ ದೊಡ್ಡ ಡಬ್ಬ ಗುಂಡಾಚಾರ್ರ ಮನೆಯವ್ರದ್ದು, ವಾಪಸ್ ಕೊಡು, ಮಾನ ಹೋಗುತ್ತೆ." ಸ್ವಲ್ಪ ತಡೆದಳು. ನಾನು ಮೃದುಲಾಳ ಕೈ ಹಿಡಿದುಕೊಂಡೆ. "ಮೃದೂಗೆ ಹೇಳ್ಬೇಕಾದ್ದನ್ನೆಲ್ಲಾ ಮೊದಮೊದಲೇ ಹೇಳಿ ಮುಗಿಸಿದೀನಿ. ಹೋದ ದಿನದಿಂದ ಬಾಯಿ ಮುಚ್ಚದೆ ಅವಳ ಹತ್ರಾನೇ ಮಾತಾಡಿದೀನಿ. ಆಪರೇಷನ್ನಿನ ವಿಷಯಾನೂ ಬಿಡಿಸಿ ಬಿಡಿಸಿ ಹೇಳಿದೀನಿ. ಕೇಳಿಸ್ಕೊಂಡಿರ್ತಾಳೆ. ಮತ್ತೆ ಅದನ್ನೇ ಎತ್ತಿದ್ರೆ ಮಗು ಅಳುತ್ತೆ ಅಂತ ಆಮೇಲೆ ಸುಮ್ನಾದೆ. ಸರಿ ಕುಮ್ಮೀ, ಹಾಲು ಒಳಗಿಡು, ಬೆಕ್ಕು ಬರುತ್ತೆ."

ಅಷ್ಟೇ. ದನಿ ನಿಂತಿತು. ಮೃದುಲಾ ಮೊದಲು ನೋಡಿದ್ದು ಪೆಟ್ಟಿಗೆಯನ್ನಲ್ಲ, ತನ್ನ ಕೈಯನ್ನು, ಅದೇ ಅಳಿಸಿತೇನೋ ಎಂಬಂತೆ. ನಾನು, "ನಾನು ಹೇಳಿದ್ದು ಕಣೇ, ನೆಟ್ಟಗೆ ಗುಡಿಸು ಅಂದವಳು ನಾನು," ಅಂದೆ. "ಇಲ್ಲ ಚಿಕ್ಕೀ, ತೆಗೀರಿ ಅಂದಿದ್ದು ನಾನು," ಅಂದಳು. ಅವಳು ಅಳಲಿಲ್ಲ, ನನಗೆ ಅದೇ ಭಯವಾಯಿತು.

ಫೋನು ಮಾಡಿದ್ದಕ್ಕೆ ಉಗ್ರಪ್ಪ ಓಡಿ ಬಂದ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಅಕ್ಕನ ಮಾತನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೇಳುತ್ತ ಕೇಳುತ್ತ ಅವನೇ ಲೆಕ್ಕ ಜೋಡಿಸಿದ. ಸೂತಕದಲ್ಲಿ ದೊಡ್ಡ ಡಿಸ್ಕು ಪಕ್ಕದ ಮನೆಯಲ್ಲಿರುತ್ತದೆ, ಪೆಟ್ಟಿಗೆ ಎದ್ದೇ ಇರುತ್ತದೆ, ಮಾತು ಬಂದರೆ ಅದು ಎಲ್ಲಿ ಇಟ್ಟುಕೊಳ್ಳಬೇಕು? ಕೈಗೆ ಸಿಕ್ಕ ಚಿಕ್ಕದರಲ್ಲೇ, ಅದೇ ಹೆಸರಿನಲ್ಲಿ. ಸೂತಕ ಕಳೆದ ಮೇಲೆ ನಾವು ದೊಡ್ಡದನ್ನು ತಂದು ಅದರ ಮೇಲೆ ಮುಚ್ಚುತ್ತೇವೆ. ವಯರು ಕಿತ್ತವರು ನಾವು, ಅವರು ಮಾತಾಡುವುದಿಲ್ಲ ಅಂದವರೂ ನಾವೇ. ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ಬೇಕಾಗಿದ್ದ ಹೊತ್ತಿಗೆ ಮೂವರಿಗೂ ಹೊಳೆಯಲಿಲ್ಲ.

ಅಳಿಸಿದ್ದನ್ನು ಮರಳಿ ತರುವುದಕ್ಕೆ ಉಗ್ರಪ್ಪ ಒದ್ದಾಡಿದ. ವರ್ಷಾಂತಿಕದ ದಿನ ನಡುಮನೆಯಲ್ಲಿ ಭಟ್ಟರು ಮಂತ್ರ ಹೇಳುತ್ತಿದ್ದರೆ ಇವನು ಹಿತ್ತಲ ಕೋಣೆಯಲ್ಲಿ ಡಿಸ್ಕು ಹಿಡಿದು ಕೂತಿದ್ದ. ಏನೂ ಸಿಗಲಿಲ್ಲ. ಖಾಲಿಯಾದ ಜಾಗವನ್ನು ಪೆಟ್ಟಿಗೆ ಆಗಲೇ ತೊಳೆದು ಒರೆಸಿ ಇಟ್ಟುಕೊಂಡಿತ್ತು. ಊಟಕ್ಕೆ ಕರೆಯಲು ಹೋದರೆ ಅವನು ನೆಲದ ಮೇಲೆ ಕಾಲು ಚಾಚಿ ಗೋಡೆ ನೋಡುತ್ತಿದ್ದ. "ಎಷ್ಟು ಮನೆದು ತೊಳೆದಿದೀನಿ ಅಮ್ಮಾ," ಅಂದ. "ನಮ್ಮಪ್ಪಂದೂ ನಾನೇ ತೊಳೆದೆ. ಸಾಮಾನ್ಯ ಅಂದ್ಕೊಂಡು ತೊಳೆದೆ." ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಒಂದು ವಡೆಯಾದರೂ ತಿನ್ನು ಎಂದು ಬಲವಂತ ಮಾಡಿ ಎಬ್ಬಿಸಿದೆ.

ದೊಡ್ಡ ಡಿಸ್ಕಿನಲ್ಲಿದ್ದದ್ದನ್ನು ಮೃದುಲಾ ಬಿಚ್ಚಿ ಕೇಳಿದಳು. ಹುಣಸೆಹಣ್ಣು, ಗ್ಯಾಸು, ನನ್ನ ಮಂಡಿ. ಎಲ್ಲಾ ಮೊದಲೇ ಕೇಳಿದ್ದೇ. ಮತ್ತೆ ಬಿಚ್ಚಲಿಲ್ಲ.

ಸ್ವಲ್ಪ ದಿನಕ್ಕೆ ಎದುರು ಮನೆಯ ತಾಯಕ್ಕ ತೀರಿಕೊಂಡರು. ಅವಲಕ್ಕಿ ಕುಟ್ಟಿ ಮೂವರು ಗಂಡುಮಕ್ಕಳನ್ನು ಸಾಕಿದ ಮುದುಕಿ. ಹಿರಿಮಗ ರಾಚಯ್ಯ ಆಗಲೇ ದೊಡ್ಡ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಸ್ಪೀಕರಿನ ವಯರಿಗೆ ಕೈ ಹಾಕಿದ್ದ. ನಾನು ಹೆಣದ ಮನೆ ಅನ್ನುವುದನ್ನೂ ನೋಡದೆ ಒಳಗೆ ನುಗ್ಗಿ, "ರಾಚಯ್ಯಾ, ಡಿಸ್ಕು ಬೇಕಾದ್ರೆ ಒಯ್ಯಿ, ವಯರು ಮಾತ್ರ ಕೀಳ್ಬೇಡಪ್ಪಾ," ಅಂದೆ.

"ಏನ್ ಕುಮುದಮ್ಮಾ, ಸೂತಕದ ಮನೇಲಿ ಇದೇನು ಹೊಸ ವರಸೆ? ಅಕ್ಕ ಹೋದ್ಮೇಲೆ ನಿಮ್ ತಲೆ ಕೆಟ್ಟಿದೆ," ಎಂದು ಅವನು ರೇಗಿದ. ಅವನ ಮಾವ, ಮೈಲಿಗೆ ಅಂದರೆ ಇವರಿಗೆ ಆಟವಾಗಿದೆ ಎಂದು ಗೊಣಗಿದ. ನನ್ನ ಹಿಂದೆ ಬಂದಿದ್ದ ಮೃದುಲಾ ಮಾತಿಗೇ ಹೋಗಲಿಲ್ಲ. ರಾಚಯ್ಯನ ಕೈಯಿಂದ ವಯರು ಕಸಿದು ಪೆಟ್ಟಿಗೆಗೆ ಚುಚ್ಚಿ, ಅದರ ಮುಂದೆ ಅಡ್ಡವಾಗಿ ನಿಂತುಬಿಟ್ಟಳು. ಅವನು ಅವಳನ್ನು ಎಳೆಯಲು ಕೈ ಎತ್ತಿದ್ದ, ಅಷ್ಟರಲ್ಲಿ, "ಯಾಕಪ್ಪಾ ರಾಚ, ಅವಳ ಮೇಲ್ಯಾಕೆ ಕೂಗ್ತೀಯ," ಎಂದಿತು ಪೆಟ್ಟಿಗೆ. ತಾಯಕ್ಕನ ದನಿ. ಅದೂ ಮಟಮಟ ಮಧ್ಯಾಹ್ನ.

ಹೌದು, ನಾವು ಆಡುವುದು ಸೂತಕದ ದಿನಗಳಲ್ಲಿ ಅವರಿಗೆ ಕೇಳಿಸುತ್ತದೆ. ಅದೂ ನಮಗೆ ಗೊತ್ತಿರಲಿಲ್ಲ. ಸೂತಕ ಕಳೆಯುವ ತನಕ ತಾಯಕ್ಕ ಸುಮ್ಮನಾಗಲೇ ಇಲ್ಲ. ಒಬ್ಬೊಬ್ಬ ಮಗನನ್ನೂ ಕರೆದು ಕರೆದು ಮಾತಾಡಿದರು. ಚಿಕ್ಕಂದಿನ ಜ್ವರ, ಕೊಟ್ಟ ಏಟು, ಕೊಡಬಾರದಿತ್ತು ಅನ್ನುವ ಮಾತು. ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳಿದರು. ರಾಚಯ್ಯನಂಥ ರಾಚಯ್ಯ ಪೆಟ್ಟಿಗೆಗೆ ಹಣೆ ಒತ್ತಿಕೊಂಡು ಎಳೆಮಗುವಿನ ಹಾಗೆ ಅತ್ತ. ಬೀದಿಯೆಲ್ಲ ಅವರ ಜಗಲಿಯಲ್ಲಿ ಸೇರಿತ್ತು. ಒಬ್ಬೊಬ್ಬರ ಮುಖದಲ್ಲೂ ತಮ್ಮ ತಮ್ಮ ಮನೆಯ ಲೆಕ್ಕ ನಡೆಯುತ್ತಿತ್ತು. ಗುಂಡಾಚಾರ್ರ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು.

ಮೃದುಲಾ ದಿನವೂ ಬಂದು ಆ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಬೇರೆಯವರ ತಾಯಿಯ ಮಾತು ಕೇಳುವುದಕ್ಕೆ ಸ್ಕೂಟರ್ ಶಾಲೆಗೆ ರಜೆ ಹಾಕಿದ್ದಳು. ಅಕ್ಕನೂ ಹೀಗೆ ಕರೆದಿರಬೇಕು, ಮೃದೂ, ಮೃದೂ, ಕೇಳಿಸುತ್ತಾ ಅಂತ. ಪೆಟ್ಟಿಗೆಯ ಎದುರಿಗೇ ತಲೆ ಬಗ್ಗಿಸಿಕೊಂಡು ಕೂತಿದ್ದ ಹುಡುಗಿ ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಏನಂದುಕೊಂಡಳೋ ನನ್ನ ಅಕ್ಕ. ಅದನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ.

ತಾಯಕ್ಕನ ಸೂತಕ ಕಳೆದ ದಿನ ಮೃದುಲಾಳೂ ನಾನೂ ಬೀದಿ ದಾಟಿ ಮನೆಗೆ ಬಂದೆವು. ಬಾಗಿಲಲ್ಲಿ ಅವಳು ನಿಂತಳು. "ಚಿಕ್ಕೀ, ಆಪರೇಷನ್ನಿನ ವಿಷಯ ಅಮ್ಮ ಏನು ಹೇಳಿರ್ಬೋದು? ಬೈದಿರ್ಬೋದಾ?"

ವರ್ಷವಿಡೀ ಸಮಾಧಾನದ ಮಾತು ಹುಡುಕಿ ಸೋತವಳು ನಾನು. ಇದಕ್ಕೆ ಹುಡುಕಬೇಕಾಗಲಿಲ್ಲ. "ನಿಮ್ಮಮ್ಮ ಸಿಟ್ಟು ಬಂದ್ರೆ ಮಾತಾಡ್ತಿದ್ಳೇನೇ? ಬಾಯಿಗೆ ಬೀಗ ಹಾಕ್ಕೊಂಡು ಕೂತ್ಬಿಡ್ತಿದ್ಳು. ನಿನ್ನ ಹತ್ರ ಡಿಸ್ಕು ತುಂಬೋಷ್ಟು ಮಾತಾಡಿದಾಳೆ. ಪೆಟ್ಟಿಗೆ ಏಳೋಕೂ ಜಾಗ ಬಿಡದಷ್ಟು. ಸಿಟ್ಟಿದ್ದವಳು ಹಾಗೆ ಮಾತಾಡ್ತಾಳಾ?"

ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಅಕ್ಕ ಹೋದ ಮೇಲೆ ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರುತ್ತ ನಿಂತೆ. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಗೊತ್ತು ಚಿಕ್ಕೀ," ಅಂದಳು. "ಸಿಟ್ಟಿರ್ಲಿಲ್ಲ ಅಂತ ನಂಗೂ ಗೊತ್ತಾಯ್ತು. ಆದ್ರೆ ಅವಳು ಹೇಳೋದನ್ನ ನಾನು ಕೇಳ್ಬೇಕಿತ್ತು."